ಕಾಕನಕೋಟೆಯ ಕಾಲಾಳುಗಳು

ಬೆಳಿಗ್ಗೆ ಆರು ಗಂಟೆಗೆ ಉದ್ಬೂರು ಗೇಟಿನ ಅಡ್ಡಕಂಬ ಮೇಲೇಳುತ್ತದೆ. ಹೆಗ್ಗಡದೇವನಕೋಟೆಯಿಂದ ಮಾನಂದವಾಡಿಗೆ ಹೋಗುವ ಈ ರಸ್ತೆಯಲ್ಲಿ ಸಂಜೆ ಆರರಿಂದ ಬೆಳಗಿನ ಆರರವರೆಗೆ ವಾಹನ ಓಡುವಂತಿಲ್ಲ. ಹೊತ್ತು ಮೀರಿ ಬಂದು ಗೇಟಿನ ಈಚೆಗೇ ರಾತ್ರಿ ಕಳೆದ ಲಾರಿಯವರು ಮುಖ ತೊಳೆದು, ಟೀ ಕುಡಿದು, ಎಂಜಿನ್ ಶುರು ಮಾಡುತ್ತಾರೆ. ಯಾರ ಕೈಯಲ್ಲಾದರೂ ಹಚ್ಚಿದ ಬೀಡಿ ಇದೆಯೇ ಎಂದು ಗೇಟಿನ ವಾಚರ್ ಕಿಟಕಿಯೊಳಕ್ಕೆ ಇಣುಕಿ ನೋಡುತ್ತಾನೆ. ಮಾರ್ಚ್ ತಿಂಗಳು. ತೇಗದ ಎಲೆ ಪಾದ ಮುಳುಗುವಷ್ಟು ಉದುರಿ ಬಿದ್ದಿದೆ. ಒಂದು ಕಿಡಿ ಸಾಕು.

643 ಚದರ ಕಿಲೋಮೀಟರ್ ಹರಡಿಕೊಂಡಿರುವ ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಕಾಕನಕೋಟೆ ಸೀಮೆ ಇದು. ಮತ್ತಿ, ನಂದಿ, ದಿಂಡಿಗ, ಬೀಟೆಗಳು ಬೋಳಾಗಿ ನಿಂತ ಈ ದಿನಗಳಲ್ಲಿ ಮುತ್ತುಗ ಒಂದೇ ಮೈತುಂಬ ಹೂ ಹೊತ್ತಿದೆ. ರಸ್ತೆಯಂಚಿನಲ್ಲಿ ಜಿಂಕೆಗಳು ಬಸ್ಸಿಗೆ ತಲೆ ಎತ್ತುವುದೂ ಇಲ್ಲ. ಸ್ವಲ್ಪ ಒಳಗೆ ಒಂದು ಕಾಟಿ, ಮೊಣಕಾಲಿನ ಕೆಳಗೆ ಬಿಳಿ ಕಾಲ್ಚೀಲ ಹಾಕಿಕೊಂಡ ದೇಹ, ಲಂಟಾನದ ಪೊದೆಯಿಂದ ಅರ್ಧ ಹೊರಗೆ ಬಂದು ನಮ್ಮನ್ನೇ ದಿಟ್ಟಿಸುತ್ತದೆ. ಸಾಮಾನ್ಯ ಪ್ರವಾಸಿಯ ಕಾಡು ಇಲ್ಲಿಗೆ ಮುಗಿಯುತ್ತದೆ. ಇಲಾಖೆಯ ಅನುಮತಿ ಪತ್ರ ಜೇಬಿನಲ್ಲಿದ್ದುದರಿಂದ ನಮ್ಮ ಜೀಪು ಡಾಂಬರು ಬಿಟ್ಟು ಎಡಕ್ಕೆ ಹೊರಳಿ ಕಚ್ಚಾ ದಾರಿ ಹಿಡಿಯಿತು.

ನಾನು ಹೋದ ಶಿಬಿರದ ಹೆಸರನ್ನು, ಅಲ್ಲಿನವರು ನಡೆಯುವ ದಾರಿಯನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದು ಯಾರ ಉಪಯೋಗಕ್ಕೆ ಬರುತ್ತದೆಂಬುದು ಮುಂದೆ ಓದಿದಾಗ ತಿಳಿಯುತ್ತದೆ.

ಇಲಾಖೆಯ ಕಾಗದದಲ್ಲಿ ಇದಕ್ಕೆ ‘ಕಳ್ಳಬೇಟೆ ತಡೆ ಶಿಬಿರ’ ಎಂದು ಹೆಸರು. ನೋಡಲು ಒಂದು ಕಾಂಕ್ರೀಟಿನ ಕೋಣೆ, ಮುಂದೆ ತಗಡಿನ ಚಾಚು, ಮೇಲೊಂದು ಸೋಲಾರ್ ಫಲಕ. ಸುತ್ತ ಆಳೆತ್ತರದ ಕಂದಕ. ದಾಟಲು ಎರಡು ಮರದ ದಿಮ್ಮಿ. ರಾತ್ರಿ ದಿಮ್ಮಿಗಳನ್ನು ಒಳಗೆಳೆದುಕೊಂಡರೆ ಕೋಣೆ ದ್ವೀಪವಾಗುತ್ತದೆ. ಆನೆ ಕಂದಕದ ಆಚೆ ದಡಕ್ಕೆ ಬಂದು ನಿಂತು ಸೊಂಡಿಲು ಚಾಚಿ ವಾಸನೆ ಹಿಡಿದು ಹೋಗುತ್ತದಂತೆ. ಉಪ್ಪಿನ ವಾಸನೆ, ರಾಗಿ ಹಿಟ್ಟಿನ ವಾಸನೆ ಅದಕ್ಕೆ ಬಹು ದೂರದಿಂದ ಗೊತ್ತಾಗುತ್ತದೆ. ಕಂದಕದ ಒಂದು ಮೂಲೆಯ ಮಣ್ಣು ಕುಸಿದಿತ್ತು. ಆನೆ ಮುಂಗಾಲಿನಿಂದ ಅಂಚು ಕೆಡವಿ ಇಳಿಜಾರು ಮಾಡಿಕೊಳ್ಳಲು ನೋಡಿದ ಗುರುತು ಅದು. ಅದನ್ನು ಮುಚ್ಚಿ ಕಲ್ಲು ಕಟ್ಟುವ ಕೆಲಸವೂ ಶಿಬಿರದವರದೇ.

ಒಳಗೆ ನಾಲ್ಕು ಚಾಪೆ, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಖಾಕಿ ಅಂಗಿಗಳು, ಮೂಲೆಯಲ್ಲಿ ಮಾದಪ್ಪನ ಪಟ, ಅದರ ಕೆಳಗೇ ವೈರ್‌ಲೆಸ್ ಸೆಟ್ಟಿನ ಚಾರ್ಜರು. ಒಬ್ಬ ಗಸ್ತು ಅರಣ್ಯ ಪಾಲಕ. ಸರ್ಕಾರಿ ನೌಕರ, ಬಿಜಾಪುರ ಕಡೆಯವನು, ಬಂದ ಹೊಸದರಲ್ಲಿ ರಾತ್ರಿ ಕಡವೆಯ ಕೂಗಿಗೇ ಎದ್ದು ಕೂರುತ್ತಿದ್ದನಂತೆ. ಉಳಿದ ಮೂವರು ಹೊರಗುತ್ತಿಗೆಯ ವಾಚರ್‌ಗಳು. ಅವರಲ್ಲಿ ಇಬ್ಬರು ಜೇನುಕುರುಬರು, ಒಬ್ಬ ಬೆಟ್ಟಕುರುಬ. ಮೂವರೂ ಹಾಡಿಯಲ್ಲಿ ಹುಟ್ಟಿದವರು. ಹಿರಿಯನನ್ನು ಉಳಿದವರೆಲ್ಲ ‘ಮಾವ’ ಎನ್ನುತ್ತಾರೆ, ಬಿಜಾಪುರದ ಹುಡುಗನೂ ಹಾಗೇ ಕರೆಯುತ್ತಾನೆ. ಹುದ್ದೆಯಲ್ಲಿ ಆ ಹುಡುಗ ಮೇಲು. ಆದರೆ ಕಾಡಿನೊಳಗೆ ಕಾಲಿಟ್ಟ ಕೂಡಲೇ ಮುಂದೆ ನಡೆಯುವವನು ಮಾವ.

ಮುದ್ದೆ, ಹುರುಳಿ ಸಾರು ಉಂಡು ಏಳು ಗಂಟೆಗೆಲ್ಲ ಹೊರಟೆವು. ಪಾಲಕನ ಹೆಗಲಿಗೆ ಬಂದೂಕು, ಮೊಬೈಲಿನಲ್ಲಿ ಎಂ-ಸ್ಟ್ರೈಪ್ಸ್ ಎಂಬ ಆಪ್. ಹೊರಟ ಕ್ಷಣದಿಂದ ಅದು ನಡೆದ ದಾರಿಯನ್ನು ಗುರುತು ಮಾಡಿಕೊಳ್ಳುತ್ತ ಹೋಗುತ್ತದೆ. ಲದ್ದಿ, ಹೆಜ್ಜೆ, ಸತ್ತ ಪ್ರಾಣಿ, ಕಡಿದ ಮರ, ಏನು ಕಂಡರೂ ಫೋಟೊ ಹಿಡಿದು ಅಲ್ಲೇ ದಾಖಲಿಸಬೇಕು. ಯಾವ ಮೂಲೆಗೆ ಎಷ್ಟು ದಿನದಿಂದ ಯಾರೂ ಕಾಲಿಟ್ಟಿಲ್ಲ ಎಂಬುದು ಹುಣಸೂರಿನ ಕಚೇರಿಯ ಪರದೆಯ ಮೇಲೆ ಕಾಣುತ್ತದೆ. ಒಳ್ಳೆಯ ಉಪಕರಣ. ಆದರೆ ನಡೆದದ್ದನ್ನು ಅದು ಬರೆದಿಡುತ್ತದೆಯೇ ಹೊರತು ನಡೆಯುವುದಿಲ್ಲ, ನೋಡುವುದೂ ಇಲ್ಲ. ನೋಡುವ ಕೆಲಸ ಮಾವನದು.

ಅವನು ನೋಡುವ ಬಗೆಯನ್ನು ಬಳಿಯಲ್ಲೇ ನಿಂತು ಕಾಣಬೇಕು. ದಾರಿಯ ಮೇಲೆ ಕಣ್ಣು ನೆಟ್ಟು ನಡೆಯುವುದಿಲ್ಲ. ಹತ್ತು ಮಾರು ಮುಂದಿನ ನೆಲವನ್ನು ಸವರಿಕೊಂಡು ಹೋಗುತ್ತಾನೆ. ಧೂಳಿನಲ್ಲಿ ಹೆಣ್ಣು ಹುಲಿಯ ಹೆಜ್ಜೆ ಇತ್ತು. ಗಂಡಿನದು ಚೌಕವಾಗಿ ಅಗಲ, ಹೆಣ್ಣಿನದು ತುಸು ಉದ್ದ. ನನಗೆ ಅದು ಈಗಷ್ಟೇ ಮೂಡಿದಂತೆ ಕಂಡಿತು. ಮಾವ ಕುಕ್ಕರಗಾಲಿನಲ್ಲಿ ಕೂತು ಬೆರಳಿನಿಂದ ಅಂಚು ಮುಟ್ಟದೆ ತೋರಿಸಿದ. “ಇಲ್ಲ ಸಾ, ನಿನ್ನೆ ಸಂಜೆದು. ಇರುವೆ ಅಡ್ಡ ಓಗಿರೋ ಗೆರೆ ನೋಡಿ. ಮೇಲೆ ಇಬ್ಬನಿ ಬಿದ್ದು ಚುಕ್ಕೆ ಆಗದೆ. ಅಂಚೂ ಉದ್ರೋಗದೆ.” ಹೆಜ್ಜೆಯ ಬದಿಯಲ್ಲೇ ಕಾಡುಕುರಿಯ ಪುಟ್ಟ ಗೊರಸು, ಅದರ ಮೇಲೆ ನವಿಲಿನ ಕಾಲು. ರಾತ್ರಿಯಿಡೀ ಆ ದಾರಿಯಲ್ಲಿ ಹೋದವರೆಲ್ಲ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿಹೋಗಿದ್ದರು. ಮಾವ ಹುಡುಕುತ್ತಿದ್ದುದು ಅಲ್ಲಿ ಇರಬಾರದ ಸಹಿಯನ್ನು. ಹವಾಯಿ ಚಪ್ಪಲಿಯ ಗೀರು, ಬೂಟಿನ ಹಿಮ್ಮಡಿ, ದಾರಿ ತಪ್ಪಿಸಲು ಸೊಪ್ಪಿನಿಂದ ಗುಡಿಸಿದ ಗುರುತು. ಗುಡಿಸಿದ ನೆಲವೇ ಹೆಚ್ಚು ಅನುಮಾನದ್ದು, ಏಕೆಂದರೆ ಪ್ರಾಣಿ ತನ್ನ ಹೆಜ್ಜೆ ಗುಡಿಸುವುದಿಲ್ಲ.

ಹಿಂದೆ ಹುಲಿ ಗಣತಿ ನಡೆಯುತ್ತಿದ್ದುದೂ ಈ ಹೆಜ್ಜೆಗಳಿಂದಲೇ. ಗಾಜಿನ ಮೇಲೆ ಪಡಿಯಚ್ಚು ತೆಗೆದು, ಪ್ಲಾಸ್ಟರ್ ಸುರಿದು, ಇದು ಆ ಹುಲಿ, ಇದು ಈ ಹುಲಿ ಎಂದು ಲೆಕ್ಕ ಹಾಕುತ್ತಿದ್ದರು. ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳಿದ್ದು ಕಾಡಿನಲ್ಲಿ ಒಂದೂ ಉಳಿದಿಲ್ಲವೆಂದು 2005ರಲ್ಲಿ ಬಯಲಾದ ಮೇಲೆ ಆ ಪದ್ಧತಿ ಬಿದ್ದುಹೋಯಿತು. ಅದಕ್ಕೂ ಬಹಳ ಮೊದಲೇ, 1990ರ ದಶಕದ ಆರಂಭದಲ್ಲಿ, ಕೆ. ಉಲ್ಲಾಸ ಕಾರಂತರು ಇದೇ ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು, ಪಟ್ಟೆಗಳಿಂದ ಹುಲಿಗಳನ್ನು ಒಂದೊಂದಾಗಿ ಗುರುತಿಸಿ ಸಂಖ್ಯೆ ಅಂದಾಜು ಮಾಡುವ ದಾರಿ ತೋರಿಸಿದ್ದರು. ಎರಡು ಹುಲಿಗಳ ಪಟ್ಟೆ ಒಂದೇ ತೆರನಾಗಿರುವುದಿಲ್ಲ, ಒಂದೇ ಹುಲಿಯ ಎಡಬಲವೂ ಬೇರೆ. ಹಾಗಾಗಿ ದಾರಿಯ ಎರಡೂ ಬದಿ ಮೊಣಕಾಲೆತ್ತರದ ಗೂಟಕ್ಕೆ ಎದುರುಬದುರು ಕ್ಯಾಮೆರಾ. ನಾವು ದಾಟಿದಾಗಲೂ ಅದು ನಮ್ಮ ಚಿತ್ರ ಹಿಡಿಯಿತು. ಕಳ್ಳರ ಚಿತ್ರವನ್ನೂ ಹಿಡಿಯುತ್ತದೆ. ಎಲ್ಲೋ ದೂರದ ಊರಲ್ಲಿ ಹುಲಿ ಚರ್ಮ ಸಿಕ್ಕಿದಾಗ ಪಟ್ಟೆ ಹೋಲಿಸಿ ಅದು ಯಾವ ಕಾಡಿನದೆಂದು ಹೇಳಲು ಸಾಧ್ಯವಾದದ್ದೂ ಈ ಚಿತ್ರಗಳಿಂದಲೇ. 2022ರ ಗಣತಿಯಲ್ಲಿ ಕರ್ನಾಟಕಕ್ಕೆ 563 ಹುಲಿ ಲೆಕ್ಕ ಸಿಕ್ಕಿತು. ನಾಗರಹೊಳೆಯದು 141, ಕಬಿನಿಯಾಚೆ ತಾಗಿಕೊಂಡೇ ಇರುವ ಬಂಡೀಪುರದ್ದು 150.

ಒಂದು ಹಳ್ಳದ ತಿರುವಿನಲ್ಲಿ ಮಾವ ಕೈ ಎತ್ತಿದ. ಎಲ್ಲರೂ ನಿಂತೆವು. ಆನೆಯಿರಬೇಕೆಂದು ನಾನು ಕಿವಿಗೊಟ್ಟೆ. ಅವನು ನೋಡುತ್ತಿದ್ದುದು ಒಂದು ಕೊಂಬೆಯನ್ನು. ಸೊಂಟದೆತ್ತರದಲ್ಲಿ ಲಂಟಾನದ ಕಡ್ಡಿಯೊಂದು ಓರೆಯಾಗಿ ಕಡಿದಿತ್ತು. ಜಿಂಕೆ ಕಚ್ಚಿದ್ದಾದರೆ ತುದಿ ನಾರುನಾರಾಗಿರುತ್ತದೆ, ಆನೆ ಮುರಿದರೆ ಸೀಳುತ್ತದೆ. ಇದು ನಯವಾಗಿತ್ತು, ಕತ್ತಿಯ ಕೆಲಸ. ಆಮೇಲೆ ಹುಡುಕಾಟ. ಪೊದೆಯ ನಡುವೆ ಹಂದಿಗಳು ನುಗ್ಗಿ ನುಗ್ಗಿ ಸವೆಸಿದ ಗೂಡುದಾರಿ ಇತ್ತು. ಅದರ ಎರಡೂ ಬದಿಗೆ ಯಾರೋ ಮುಳ್ಳುಕೊಂಬೆ ಒತ್ತರಿಸಿಟ್ಟು ನಡುವೆ ಒಂದೇ ಒಂದು ಕಿಂಡಿ ಬಿಟ್ಟಿದ್ದರು. ಆ ಕಿಂಡಿಯಲ್ಲಿ ಉರುಳು.

ಅದನ್ನು ಕೈಯಲ್ಲಿ ಹಿಡಿದು ನೋಡಿದೆ. ಮೋಟಾರ್ ಬೈಕಿನ ಕ್ಲಚ್ ವೈರು. ಗ್ಯಾರೇಜಿನ ಕಸದಲ್ಲಿ ಬಿದ್ದಿರುವಂಥದ್ದು, ದುಡ್ಡು ಕೊಟ್ಟರೂ ಒಂದು ಊಟದ ಬೆಲೆ ಆಗದು. ಒಂದು ತುದಿ ನೆಲ್ಲಿ ಗಿಡದ ಬುಡಕ್ಕೆ ಮೂರು ಸುತ್ತು ಹಾಕಿ ಬಿಗಿದಿದೆ. ಇನ್ನೊಂದು ತುದಿಯನ್ನು ಮಡಿಸಿ ಸಣ್ಣ ಬಳೆ ಮಾಡಿ, ಅದರೊಳಗೆ ತಂತಿ ಹಾಯಿಸಿ ಕುಣಿಕೆ ಬಿಟ್ಟಿದ್ದಾರೆ. ಹೊಳಪು ಕಾಣದಿರಲೆಂದು ಬೆಂಕಿಯಲ್ಲಿ ಕಾಸಿ ಕಪ್ಪು ಮಾಡಿದ್ದಾರೆ. ಕುಣಿಕೆಯನ್ನು ಎರಡು ಹುಲ್ಲಿನ ಎಳೆ ಎತ್ತಿ ಹಿಡಿದಿವೆ. ತಲೆ ತೂರಿಸಿದ ಪ್ರಾಣಿ ಮುಂದಕ್ಕೆ ಹೋದಷ್ಟೂ ಬಿಗಿಯುತ್ತದೆ, ಹಿಂದೆ ಜಗ್ಗಿದರೂ ಬಿಗಿಯುತ್ತದೆ. ಸಡಿಲಾಗುವ ದಾರಿಯೇ ಅದಕ್ಕಿಲ್ಲ. ಕುತ್ತಿಗೆಗೆ ಬಿದ್ದರೆ ಬೇಗ ಸಾವು. ಹುಲಿ, ಚಿರತೆಗಳಿಗೆ ಹಲವು ಸಲ ಸೊಂಟಕ್ಕೆ ಬೀಳುತ್ತದೆ. ಆಗ ಅದು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಒದ್ದಾಡಿ, ಸುತ್ತಲಿನ ನೆಲವನ್ನೆಲ್ಲ ಕೆರೆದು, ತಂತಿ ಒಳಗೆ ಇಳಿದು ಸಾಯುತ್ತದೆ. ಕಾಫಿ ತೋಟಗಳ ಬೇಲಿಯಂಚಿನಲ್ಲಿ ಹಾಗೆ ಸತ್ತ ಚಿರತೆಗಳ ಫೋಟೊ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ.

“ಹಂದಿಗೆ ಅಂತ ಆಕ್ತರೆ ಸಾ,” ಮಾವ ತಂತಿ ಬಿಚ್ಚುತ್ತ ಹೇಳಿದ, “ಉರ್ಲಿಗೇನ್ ಕಣ್ಣಿದ್ದಾವಾ?”

ಪಾಲಕ ಫೋಟೊ ತೆಗೆದ, ಆಪ್‌ನಲ್ಲಿ ಗುರುತು ಹಾಕಿದ, ವೈರ್‌ಲೆಸ್‌ನಲ್ಲಿ ವಲಯ ಕಚೇರಿಗೆ ತಿಳಿಸಿದ. ಆಮೇಲೆ ಎಲ್ಲರೂ ಸಾಲು ಹಿಡಿದು ಸುತ್ತಲಿನ ಪೊದೆಗಳನ್ನೆಲ್ಲ ಜಾಲಾಡಿದರು. ಉರುಳು ಒಂಟಿಯಾಗಿರುವುದು ಅಪರೂಪ. ಸ್ವಲ್ಪ ದೂರದಲ್ಲಿ ಇನ್ನೊಂದು ಸಿಕ್ಕಿತು. ಅದರಲ್ಲಿ ಒಣಗಿದ ಕೂದಲು ಅಂಟಿಕೊಂಡಿತ್ತು. ಹಂದಿಯದು. ಬಂದವರು ಒಮ್ಮೆ ಫಸಲು ಕೊಯ್ದು ಮತ್ತೆ ಕುಣಿಕೆ ಬಿಟ್ಟು ಹೋಗಿದ್ದರು, ಅಂದರೆ ಮತ್ತೆ ಬರುವವರಿದ್ದರು. ಮುಂದೆ ಏನು ಮಾಡಿದರೆಂಬುದನ್ನು ಬರೆಯುವುದು ಬೇಡ. ಆ ರಾತ್ರಿ ಇಬ್ಬರು ಶಿಬಿರದಲ್ಲಿ ಮಲಗಲಿಲ್ಲ ಎಂದಷ್ಟು ಹೇಳಬಹುದು.

ಉರುಳು ಬಡವನ ಆಯುಧ, ಮಾಂಸದಾಸೆಯದು. ಹುಲಿಯನ್ನೇ ಗುರಿ ಮಾಡಿ ಬರುವವರದು ಬೇರೆ ಲೋಕ. ಅವರು ತರುವುದು ಕಬ್ಬಿಣದ ಜಾ ಟ್ರ್ಯಾಪ್. ಹಲ್ಲುಗಳಿರುವ ಎರಡು ಕಮಾನು, ನಡುವೆ ಸ್ಪ್ರಿಂಗು; ನೀರಿಗೆ ಇಳಿಯುವ ದಾರಿಯಲ್ಲಿ ಎಲೆ ಮುಚ್ಚಿ ಹೂಳುತ್ತಾರೆ. ಹುಲಿ ಚೂಪುಕಲ್ಲು ತುಳಿಯಲು ಇಷ್ಟಪಡದೆಂದು ಅದಕ್ಕೂ ಗೊತ್ತಿಲ್ಲದಂತೆ ಕಲ್ಲು ಹರಡಿ ಕಾಲನ್ನು ಟ್ರ್ಯಾಪಿನತ್ತ ತಿರುಗಿಸುತ್ತಾರೆ. ಇಂಥವನ್ನು ಪತ್ತೆ ಮಾಡಲು ಮೆಟಲ್ ಡಿಟೆಕ್ಟರ್ ಹಿಡಿದು ಕೆರೆಯಂಚುಗಳನ್ನು ಶೋಧಿಸುವ ತಂಡಗಳಿವೆ. ವಾಸನೆ ಹಿಡಿಯುವ ನಾಯಿಗಳಿವೆ. ಬಂಡೀಪುರದ ರಾಣಾ ಎಂಬ ಜರ್ಮನ್ ಷೆಫರ್ಡ್ ಆ ಕೆಲಸದಲ್ಲಿ ಊರೆಲ್ಲ ಹೆಸರಾಗಿತ್ತು. ಕಾನೂನೂ ಮೆದುವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2006ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಹುಲಿ ಸಂರಕ್ಷಿತ ಪ್ರದೇಶದ ಒಳಗಡೆ ಬೇಟೆಯಾಡಿದವನಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆ. ಆದರೆ ಅಪರಾಧಿ ನ್ಯಾಯಾಲಯ ಮುಟ್ಟಬೇಕಾದರೆ ಮೊದಲು ಯಾರೋ ಒಬ್ಬ ಆ ಓರೆಯಾಗಿ ಕಡಿದ ಕಡ್ಡಿಯನ್ನು ನೋಡಿರಬೇಕು.

ಇಂಥ ಕಾವಲು ಈ ಕಾಡಿಗೆ ತಾನಾಗಿ ಬಂದದ್ದಲ್ಲ. ಕಾಕನಕೋಟೆ ಎಂದರೆ ಒಂದು ಕಾಲಕ್ಕೆ ಖೆಡ್ಡಾ. ಆನೆಗಳನ್ನು ಕಬಿನಿಯ ನೀರಿಗೆ ಅಟ್ಟಿ, ದಾಟಿಸಿ, ದೊಡ್ಡಿಗೆ ತುಂಬುವ ನೋಟಕ್ಕೆ ಮಹಾರಾಜರ ಅತಿಥಿಗಳು ದೂರದೂರದಿಂದ ಬಂದು ಕೂರುತ್ತಿದ್ದರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ದಸರಾ ಅಂಬಾರಿ ಹೊತ್ತ ಆನೆ ಅರ್ಜುನ 1968ರಲ್ಲಿ ಇಲ್ಲಿನ ಖೆಡ್ಡಾದಲ್ಲೇ ಸೆರೆಸಿಕ್ಕವನು. ಇಲ್ಲಿಗೆ ಸಮೀಪದ ಬಳ್ಳೆ ಶಿಬಿರದಲ್ಲೇ ಬಾಳಿದ. 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಯಸಳೂರು ಬಳಿ ಕಾಡಾನೆಯೊಂದಿಗೆ ಸೆಣಸಿ ಸತ್ತ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದಾಗ ಖೆಡ್ಡಾದ ಜಾಗ, ಹಳ್ಳಿಗಳು, ಗುಡಿಗಳು ನೀರಿನಡಿಗೆ ಹೋದವು.

ಆ ಎಪ್ಪತ್ತರ ದಶಕದ ನಾಗರಹೊಳೆಯ ಹಡ್ಲುಗಳಲ್ಲಿ, ಅಂದರೆ ಕಾಡಿನ ನಡುವಿನ ಜವುಗು ಹುಲ್ಲುಗಾವಲುಗಳಲ್ಲಿ, ಭತ್ತದ ಗದ್ದೆಗಳಿದ್ದವು. ಮರ ಹೋಗುತ್ತಿತ್ತು, ದನ ಬರುತ್ತಿತ್ತು, ರಾತ್ರಿ ಗುಂಡಿನ ಸದ್ದು ಮಾಮೂಲಾಗಿತ್ತು. 1967ರಲ್ಲಿ ಇಲಾಖೆ ಸೇರಿ, ಎಪ್ಪತ್ತರ ದಶಕದ ಆರಂಭದಿಂದ ಇಲ್ಲಿ ದುಡಿದ ಕೊಡಗಿನ ಕೆ.ಎಂ. ಚಿಣ್ಣಪ್ಪ ಎಂಬ ಅಧಿಕಾರಿ ಅದನ್ನು ತಡೆಯಲು ನಿಂತರು. ಹಡ್ಲುಗಳನ್ನು ಗದ್ದೆಯಿಂದ ಬಿಡಿಸಿದರು, ಹೊತ್ತುಗೊತ್ತಿಲ್ಲದೆ ಗಸ್ತು ತಿರುಗಿದರು, ಪ್ರಭಾವಿಗಳನ್ನೂ ಬಿಡಲಿಲ್ಲ. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. 1992ರಲ್ಲಿ ಕಾಡಿಗೆ ಬೆಂಕಿಯಿಟ್ಟರು, ಅವರ ಮನೆಯ ಮೇಲೂ ದಾಳಿಯಾಯಿತು. 1993ರಲ್ಲಿ ಅವರು ನೌಕರಿ ಬಿಟ್ಟು, 2024ರಲ್ಲಿ ತೀರಿಕೊಳ್ಳುವವರೆಗೂ ಕಾಡಿನ ಮಾತೇ ಆಡಿದರು. ಈಗ ಹಡ್ಲಿನಲ್ಲಿ ಸಂಜೆ ಹೊತ್ತು ಕಾಟಿಗಳ ಹಿಂಡು ಮೇಯುವುದನ್ನು ಕಂಡಾಗ ಅಲ್ಲಿ ಹಿಂದೆ ನೇಗಿಲು ಓಡುತ್ತಿತ್ತೆಂದು ನಂಬಲಾಗುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹಿನ್ನೀರಿನ ಅಂಚಿಗೆ ಬಂದೆವು. ಬೇಸಿಗೆಯಲ್ಲಿ ಕಬಿನಿ ಕೆಳಕ್ಕೆ ಸರಿದಂತೆಲ್ಲ ಬಿಟ್ಟುಹೋದ ಕೆಸರಿನಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಇಡೀ ಕಾಡು ಒಣಗಿ ಕಂದಾದಾಗ ಇಲ್ಲೊಂದೇ ಹಸಿರು. ವಯನಾಡು, ಮುದುಮಲೆ, ಬಂಡೀಪುರದ ಕಡೆಗಳಿಂದ ಆನೆಗಳು ಇಲ್ಲಿಗೆ ಇಳಿಯುತ್ತವೆ. ಆ ದಿನವೂ ಎದುರು ದಡದುದ್ದಕ್ಕೂ ಹಿಂಡು ಹಿಂಡಾಗಿ ನಿಂತಿದ್ದವು. ಹುಲ್ಲನ್ನು ಸೊಂಡಿಲಿನಿಂದ ಸುತ್ತಿ ಕಿತ್ತು, ಬೇರಿನ ಕೆಸರನ್ನು ಮುಂಗಾಲಿಗೆ ಬಡಿದು ಝಾಡಿಸಿ ಬಾಯಿಗಿಡುವ ಆ ತಾಳ್ಮೆಯನ್ನು ನೋಡುತ್ತ ಹೊತ್ತು ಹೋದದ್ದೇ ತಿಳಿಯಲಿಲ್ಲ. ಮರಿಯೊಂದು ಅಮ್ಮನನ್ನು ನೋಡಿ ತಾನೂ ಬಡಿಯಿತು. ಕಿತ್ತಿದ್ದ ಎರಡು ಎಳೆ ಹುಲ್ಲು ಹಾರಿಯೇ ಹೋಯಿತು. ಮುಳುಗಿ ಸತ್ತ ಮರಗಳ ಬೋಳುತುದಿಯಲ್ಲಿ ಮೀನುಗಿಡುಗ ಕೂತಿತ್ತು. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಟ್ಟಿಗೆ ಉಳಿದಿರುವ ನೆಲ ಈ ನೀಲಗಿರಿ ಸೀಮೆ ಬಿಟ್ಟರೆ ಬೇರೆಲ್ಲೂ ಇಲ್ಲ.

ಅಲ್ಲಿಂದ ಬೆಂಕಿರೇಖೆಯಗುಂಟ ವಾಪಸು. ಡಿಸೆಂಬರ್, ಜನವರಿಯಲ್ಲಿ ಹುಲ್ಲು ಪೂರ್ತಿ ಒಣಗುವ ಮೊದಲೇ ದಾರಿಗಳ ಎರಡೂ ಬದಿ ಪಟ್ಟೆಯಾಗಿ ಸವರಿ ಸುಟ್ಟು ಬಿಡುತ್ತಾರೆ, ಒಂದು ಕಡೆ ಹೊತ್ತಿದ್ದು ಇನ್ನೊಂದು ಕಡೆಗೆ ಹಾರಬಾರದೆಂದು. ಬಂಡೀಪುರದಲ್ಲಿ 2019ರ ಫೆಬ್ರವರಿಯಲ್ಲಿ ಎದ್ದ ಬೆಂಕಿ ಇಡೀ ನಾಡನ್ನು ಬೆಚ್ಚಿಬೀಳಿಸಿತ್ತು. ಅದಕ್ಕೆ ಎರಡು ವರ್ಷ ಮೊದಲು, 2017ರ ಫೆಬ್ರವರಿಯಲ್ಲಿ, ಅಲ್ಲಿನ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಯುವ ಅರಣ್ಯ ರಕ್ಷಕನೊಬ್ಬ ಸುಟ್ಟು ಸತ್ತಿದ್ದ. ಇಲ್ಲಿ ಬೆಂಕಿ ಆರಿಸುವುದೆಂದರೆ ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿಯುವುದು. ಬೆನ್ನಿಗೆ ಹೊತ್ತು ಗಾಳಿಯೂದುವ ಯಂತ್ರಗಳೂ ಬಂದಿವೆ. ಲಂಟಾನ ಹೊತ್ತಿಕೊಂಡರೆ ಮಾತ್ರ ಯಂತ್ರವೂ ಹತ್ತಿರ ಹೋಗಲಾರದು. ತಾನಾಗಿ ಹೊತ್ತುವ ಬೆಂಕಿ ಈ ಕಾಡುಗಳಲ್ಲಿ ಇಲ್ಲವೆಂದೇ ಹೇಳಬೇಕು. ಉದುರಿದ ಕೊಂಬು ಕಣ್ಣಿಗೆ ಬೀಳಲೆಂದು, ದನಕ್ಕೆ ಹೊಸ ಹುಲ್ಲು ಬರಲೆಂದು, ಇಲಾಖೆಯ ಮೇಲಿನ ಸಿಟ್ಟಿಗೆಂದು ಮನುಷ್ಯರೇ ಇಡುವಂಥದ್ದು.

2018ರ ಮಾರ್ಚ್ 3ರಂದು ಇದೇ ಕಾಕನಕೋಟೆಯ ಕಡೆ ಬೆಂಕಿ ಬಿದ್ದ ಜಾಗ ನೋಡಲು ನಡೆದು ಹೋಗಿದ್ದ ನಾಗರಹೊಳೆಯ ನಿರ್ದೇಶಕ ಎಸ್. ಮಣಿಕಂಠನ್ ಅವರನ್ನು ಆನೆ ಕೊಂದಿತು. ಅಧಿಕಾರಿಯಾದ್ದರಿಂದ ಆ ಹೆಸರು ನಾಡಿಗೆ ತಿಳಿಯಿತು. ಆನೆ ತುಳಿತಕ್ಕೆ, ಕರಡಿ ಪರಚಿಗೆ ಸಿಕ್ಕ ವಾಚರ್‌ಗಳ ಸುದ್ದಿ ಜಿಲ್ಲಾ ಪುಟದ ಮೂಲೆಯಲ್ಲಿ ನಾಲ್ಕು ಸಾಲಾಗಿ ಬಂದು ಹೋಗುತ್ತದೆ. ಆನೆ ಎದುರಾದರೆ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಚಿಕ್ಕ ವಾಚರ್ ತಟ್ಟನೆ, “ಓಡೋದೇ ಅಣ್ಣ, ಗಾಳಿ ನೋಡ್ಕೊಂಡು ಓಡೋದು” ಎಂದ. ಮಾವ ತಲೆಯಾಡಿಸಿ, ಓಡುವುದಕ್ಕಿಂತ ಮೊದಲೇ ಗಾಳಿ ನೋಡಬೇಕು ಎಂದು ತಿದ್ದಿದ. ಅವನ ಬಲ ಮೊಣಕೈ ಪೂರ್ತಿ ಮಡಿಸಲು ಬರುವುದಿಲ್ಲ. ಕಾರಣವನ್ನು ಅವನು ಹೇಳಲಿಲ್ಲ, ಉಳಿದವರು ಹೇಳಿದರು.

ಈಚಿನ ವರ್ಷಗಳಲ್ಲಿ ನನ್ನನ್ನು ಬಹಳ ಕಾಡಿದ್ದು ಮಲೆ ಮಹದೇಶ್ವರ ಬೆಟ್ಟದ ಸುದ್ದಿ. 2025ರ ಜೂನ್ 26ರಂದು ಅಲ್ಲಿನ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹಸು ಕೊಂದ ಹುಲಿಯ ಮೇಲಿನ ಸೇಡಿಗೆ ಆ ಹಸುವಿನ ಕಳೇಬರಕ್ಕೇ ವಿಷ ಹಾಕಿದ್ದರು. ತನಿಖೆ ನಡೆದಂತೆ ಇನ್ನೊಂದು ಸಂಗತಿ ಹೊರಬಂತು: ಆ ಭಾಗದ ಹೊರಗುತ್ತಿಗೆ ಗಸ್ತು ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳವೇ ಆಗಿರಲಿಲ್ಲ. ಗಸ್ತು ಸಡಿಲಾಗಿತ್ತು. ಹಸು ಸತ್ತದ್ದು, ಅದರ ಮಾಲೀಕನ ಸಿಟ್ಟು, ಕಳೇಬರ ಬಿದ್ದಿದ್ದ ಜಾಗ ಇವು ಗಸ್ತಿನವರಿಗೆ ಆ ದಿನವೇ ತಿಳಿಯಬೇಕಿದ್ದ ವಿಷಯಗಳು. ತಿಳಿದಿದ್ದರೆ ಪರಿಹಾರದ ಅರ್ಜಿ ಬರೆಸಿಕೊಂಡು, ಹೆಣದ ಹತ್ತಿರ ಕಾವಲು ಕೂತು ಐದು ಜೀವ ಉಳಿಸಬಹುದಿತ್ತು. ಡ್ರೋನು, ಥರ್ಮಲ್ ಕ್ಯಾಮೆರಾ, ಕಂಟ್ರೋಲ್ ರೂಮು ಎಲ್ಲವೂ ಬೇಕು, ಬೇಡವೆನ್ನುವವನು ನಾನಲ್ಲ. ಆದರೆ ಹುಲಿ ಉಳಿಸುವ ಖರ್ಚಿನ ಪಟ್ಟಿಯಲ್ಲಿ ಮೊದಲ ಸಾಲು ವಾಚರ್‌ನ ಸಂಬಳವಾಗಬೇಕು, ಅದು ತಿಂಗಳ ಮೊದಲ ವಾರ ಅವನ ಖಾತೆಗೆ ಬೀಳಬೇಕು. ಇದನ್ನು ಎಷ್ಟು ಸಲ ಬರೆದರೂ ಹೆಚ್ಚಲ್ಲ.

ಈ ಮಾತಿಗೆ ಇನ್ನೊಂದು ಮಗ್ಗುಲಿದೆ. ಖೆಡ್ಡಾದ ಕಾಲದಲ್ಲಿ ಆನೆಯ ಜಾಡು ಹಿಡಿದವರು ಕುರುಬರು, ಸಂಶೋಧಕರಿಗೆ ದಾರಿ ತೋರಿದವರು ಅವರೇ, ಇಂದು ಉರುಳು ಹುಡುಕುವವರೂ ಅವರೇ. ನಾಗರಹೊಳೆಯ ಹಾಡಿಗಳಿಂದ ಬಂದ ನೂರಾರು ಕುಟುಂಬಗಳಿಗೆ ವೀರನಹೊಸಹಳ್ಳಿ ಬಳಿಯ ನಾಗಾಪುರದಂಥ ಕಡೆ ಪುನರ್ವಸತಿ ಆಗಿದೆ. ಶಾಲೆ, ಆಸ್ಪತ್ರೆ ಹತ್ತಿರವಾಯಿತೆಂದು ನೆಮ್ಮದಿ ಕಂಡವರಿದ್ದಾರೆ, ನೆಲ ಸರಿಯಿಲ್ಲವೆಂದು, ದೇವರು ಒಳಗೇ ಉಳಿಯಿತೆಂದು ಕೊರಗುವವರೂ ಇದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಾಕಿದ ಅರ್ಜಿಗಳು ವರ್ಷಗಟ್ಟಲೆ ಕಡತದಲ್ಲಿವೆ. 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಯ ಜೇನುಕುರುಬರು ತಮ್ಮ ಹಳೆಯ ಜಾಗಕ್ಕೆ ಮರಳಿ ಬಂದು ಗುಡಿಸಲು ಹಾಕಿದರು. ಯಾರ ಕಣ್ಣು, ಕಿವಿ, ಕಾಲುಗಳನ್ನು ನಂಬಿ ಈ ಉದ್ಯಾನ ನಡೆಯುತ್ತಿದೆಯೋ ಅವರ ಅರ್ಜಿಗೆ ಒಂದು ನ್ಯಾಯವಾದ ಉತ್ತರವನ್ನು ಕಾಲಮಿತಿಯಲ್ಲಿ ಕೊಡುವುದು ಸಂರಕ್ಷಣೆಗೆ ಹೊರಗಿನ ಕೆಲಸವಲ್ಲ. ಕಾಡು ಮನುಷ್ಯರಿಂದ ಮುಕ್ತವಾಗಿರಬೇಕೆಂಬ ವಾದದಲ್ಲಿ ಹುರುಳಿದೆ ಎಂದು ಒಪ್ಪುವವನಾಗಿಯೇ ಇದನ್ನು ಹೇಳುತ್ತಿದ್ದೇನೆ.

ಮಾವನ ಅಪ್ಪ ಹೆಜ್ಜೇನು ಇಳಿಸುತ್ತಿದ್ದವನು. ಮಗ ಪಿಯುಸಿ ಮುಗಿಸಿ ಮೈಸೂರಿನಲ್ಲಿ ಕೆಲಸ ಹುಡುಕುತ್ತಿದ್ದಾನೆ. ಅವನಿಗೆ ಕಾಡು ಗೊತ್ತೇ ಎಂದು ಕೇಳಿದೆ. “ಗೊತ್ತು. ಅಷ್ಟು ಗೊತ್ತಿಲ್ಲ,” ಅಂದ ಮಾವ. “ಈ ಕೆಲ್ಸಕ್ಕೆ ಬಾ ಅಂತ ನಾನೂ ಅನ್ನಾಕಿಲ್ಲ ಸಾ. ಇದ್ರಲ್ಲಿ ಏನದೆ?”

ಇಳಿಹೊತ್ತಿಗೆ ಗಸ್ತು ಕಾಡಂಚಿಗೆ ಬಂತು. ಕಂದಕ, ಅದರಾಚೆ ಸೋಲಾರ್ ತಂತಿ, ಕೆಲವೆಡೆ ಹಳೆಯ ರೈಲು ಹಳಿ ನಿಲ್ಲಿಸಿ ಕಟ್ಟಿದ ಬೇಲಿ. ಬೇಲಿಯ ಮಗ್ಗುಲಿಗೇ ಹೊಲ. ಒಬ್ಬ ರೈತ ಅಟ್ಟಣೆಯ ಏಣಿ ಬಿಗಿ ಮಾಡುತ್ತಿದ್ದ, ರಾತ್ರಿ ಕಾವಲಿಗೆ. ಅವನ ಹೆಂಡತಿ ಬುತ್ತಿ ಹಿಡಿದು ಬಂದಿದ್ದಳು. ಹಿಂದಿನ ವಾರ ಆನೆ ತುಳಿದ ಬಾಳೆಯನ್ನು ತೋರಿಸಿದಳು. ನೆಲಕ್ಕೆ ಒರಗಿದ ದಿಂಡುಗಳ ನಡುವೆ ನಾಲ್ಕು ಗಿಡ ನಿಂತಿದ್ದವು. 2025ರ ಅಕ್ಟೋಬರ್, ನವೆಂಬರ್‌ನಲ್ಲಿ ಪಕ್ಕದ ಸರಗೂರು ತಾಲ್ಲೂಕಿನಲ್ಲಿ ಹುಲಿ ದಾಳಿಗೆ ರೈತರು ಸತ್ತಾಗ ಸರ್ಕಾರ ಬಂಡೀಪುರ, ನಾಗರಹೊಳೆಗಳ ಸಫಾರಿ ನಿಲ್ಲಿಸಿ ಸಿಬ್ಬಂದಿಯನ್ನು ಕಾಡಂಚಿನ ಕಾವಲಿಗೆ ಕಳಿಸಬೇಕಾಯಿತು. ಆ ತಾಯಿ ನಮ್ಮ ಪಾಲಕನನ್ನು ಗದರುತ್ತಲೇ ಮಾತಾಡಿಸಿದಳು. ಪರಿಹಾರದ ಕಾಗದ ಎಲ್ಲಿಗೆ ಬಂತು, ಕಂದಕದ ಕುಸಿದ ಜಾಗ ಯಾವಾಗ ಸರಿ ಮಾಡುತ್ತೀರಿ, ನಿನ್ನೆ ರಾತ್ರಿ ಫೋನ್ ಮಾಡಿದರೆ ಯಾಕೆ ಎತ್ತಲಿಲ್ಲ. ಅವನು ಒಂದೊಂದಕ್ಕೂ ಉತ್ತರ ಕೊಟ್ಟ, ಕಂದಕದ ಫೋಟೊ ತೆಗೆದುಕೊಂಡ. ಹೊರಡುವಾಗ ಅವಳು ಅವನ ಚೀಲಕ್ಕೆ ನಾಲ್ಕು ಬದನೆಕಾಯಿ ಹಾಕಿ, ಗುಡ್ಡದ ಆಚೆ ಮೊನ್ನೆ ಮುಸ್ಸಂಜೆ ಎರಡು ಬೈಕು ಬಂದು ನಿಂತಿದ್ದವು, ಯಾರೋ, ಈ ಕಡೆಯವರಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ಮಾವ ಪಾಲಕನ ಮುಖ ನೋಡಿದ.

ಶಿಬಿರ ಮುಟ್ಟಿ ದಿಮ್ಮಿ ಒಳಗೆಳೆದುಕೊಂಡ ಮೇಲೆ ವೈರ್‌ಲೆಸ್ ಕರೆ ಶುರುವಾಯಿತು. ಒಂದೊಂದೇ ಶಿಬಿರ ತನ್ನ ದಿನದ ವರದಿ ಒಪ್ಪಿಸುತ್ತದೆ. ನಮ್ಮ ಸರದಿ ಬಂದಾಗ ಪಾಲಕ ಎರಡು ಉರುಳಿನ ವಿವರ, ಬೈಕುಗಳ ಸಂಗತಿ, ಕಂದಕದ ಕುಸಿತ ಹೇಳಿದ. ಆಚೆಯಿಂದ ನಾಳೆ ಜೀಪು ರೇಷನ್ ತರುತ್ತದೆ, ಏನು ಬೇಕೆಂದು ಕೇಳಿದರು. ಪಾಲಕ ಓದತೊಡಗಿದ: ಅಕ್ಕಿ, ರಾಗಿ ಹಿಟ್ಟು, ಹುರುಳಿ, ಎಣ್ಣೆ, ಈರುಳ್ಳಿ, ಎಲೆ ಅಡಿಕೆ. ಮಾವ ನೆಲದ ಮೇಲೆ ಕೂತು ತನ್ನ ಬೂಟಿನ ಅಟ್ಟೆಯನ್ನು ತಂತಿಯಿಂದ ಹೊಲಿಯುತ್ತಿದ್ದ. ಬೆಳಿಗ್ಗೆ ಬಿಚ್ಚಿ ತಂದ ಅದೇ ಕ್ಲಚ್ ವೈರಿನ ಜಾತಿಯದಲ್ಲ, ತೆಳು ತಾಮ್ರದ್ದು. ತಲೆ ಎತ್ತದೆ, “ಶೂ ಹೇಳಪ್ಪ” ಎಂದ. ಪಾಲಕ ಗುಂಡಿ ಒತ್ತಿ, “ಶೂ ಒಂದು ಜೊತೆ ಸರ್, ಎಂಟನೇ ನಂಬರು, ಹೋದ ತಿಂಗಳೂ ಬರೆಸಿದ್ದೆವು” ಎಂದ. ಬರೆದುಕೊಂಡೆ ಎಂದರು ಆಚೆಯವರು, ಮುಂದಿನ ಶಿಬಿರವನ್ನು ಕರೆದರು.